ಬಸ್ಸು ಹತ್ತದ 381 ದಿನ, ತರಗತಿಯ ಐದು ಪೀರಿಯಡ್

ರೋಸಾ ಪಾರ್ಕ್ಸ್ ಬಗ್ಗೆ ನಮ್ಮ ಶಾಲೆಗಳಲ್ಲಿ ಹೇಳುವ ಕಥೆ ಹೆಚ್ಚೆಂದರೆ ನಾಲ್ಕು ಸಾಲಿನದು. ಹೊಲಿಗೆ ಕೆಲಸದ ಹೆಂಗಸು, ದುಡಿದು ದಣಿದಿದ್ದರು, ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಟ್ಟುಕೊಡಲಿಲ್ಲ, ಅಮೆರಿಕದಲ್ಲಿ ಕಾನೂನು ಬದಲಾಯಿತು. ಮಕ್ಕಳು ಬರೆದುಕೊಳ್ಳುತ್ತಾರೆ, ಪರೀಕ್ಷೆಯಲ್ಲಿ ಎರಡು ಅಂಕ ಸಿಗುತ್ತದೆ. ಇಷ್ಟು ಕೇಳಿದ ಮಗುವಿನ ತಲೆಯಲ್ಲಿ ಉಳಿಯುವುದೇನು? ಯಾರೋ ದೊಡ್ಡವರು ಎಲ್ಲೋ ಒಂದು ದಿನ ಧೈರ್ಯ ಮಾಡಿದರು, ಮಿಕ್ಕಿದ್ದೆಲ್ಲ ತಾನಾಗಿ ಆಯಿತು ಎಂಬುದು. ಸಾವಿತ್ರಿಬಾಯಿ ಫುಲೆ, ಅಂಬೇಡ್ಕರ್, ಮಾರ್ಟಿನ್ ಲೂಥರ್ ಕಿಂಗ್, ಮಲಾಲಾ ಎಲ್ಲರೂ ಹೀಗೆಯೇ ಫೋಟೋ ಆಗಿಬಿಡುತ್ತಾರೆ. ಜಯಂತಿಯ ದಿನ ಹಾರ, ಊದುಬತ್ತಿ, ಒಂದು ಭಾಷಣ, ಕೊನೆಗೆ ಚಾಕೊಲೇಟು. ಮರುದಿನ ಫೋಟೋ ಬೀರುವಿನ ಮೇಲೆ.

ಇವರನ್ನು ಮಕ್ಕಳಿಗೆ ಪರಿಚಯಿಸಬೇಕಾದದ್ದು ಇವರು ಮಾಡಿದ ಕೆಲಸದ ಮೂಲಕ. ಕರಪತ್ರ ಎಷ್ಟು ಹೊಡೆದರು, ಯಾರು ಹಂಚಿದರು, ದುಡ್ಡು ಎಲ್ಲಿಂದ ಬಂತು, ಬೈದವರಿಗೆ ಏನು ಉತ್ತರ ಕೊಡಬೇಕೆಂದು ಮೊದಲೇ ಹೇಗೆ ಅಭ್ಯಾಸ ಮಾಡಿದರು, ಯಾವುದು ಕೈಕೊಟ್ಟಿತು. ಅಲಬಾಮಾ ರಾಜ್ಯದ ಮಾಂಟ್‌ಗೊಮರಿ ಊರಿನಲ್ಲಿ ಕಪ್ಪು ಜನ 381 ದಿನ ಬಸ್ಸು ಹತ್ತದೆ ನಡೆಸಿದ ಬಹಿಷ್ಕಾರ ಇದಕ್ಕೆ ಹೇಳಿ ಮಾಡಿಸಿದ ಪಾಠ, ಏಕೆಂದರೆ ಅದರ ಒಂದೊಂದು ಹೆಜ್ಜೆಗೂ ದಾಖಲೆ ಇದೆ. ಎಂಟರಿಂದ ಹತ್ತನೇ ತರಗತಿಯವರಿಗೆ 40 ನಿಮಿಷದ ಐದು ಪೀರಿಯಡ್ ಸಾಕು. ಪ್ರೊಜೆಕ್ಟರ್ ಬೇಡ. ಸೀಮೆಸುಣ್ಣ, ಒಂದು ಹಿಡಿ ಹುಣಸೆಬೀಜ, ಒಂದು ಹಿಡಿ ಕಡಲೆಕಾಳು, ಹತ್ತು ಹಾಳೆ ಕಾಗದ ಇದ್ದರೆ ಆಯಿತು.

ಮೊದಲ ಪೀರಿಯಡ್ಡಿನಲ್ಲಿ ನೆಲದ ಮೇಲೆ ಬಸ್ಸು ಬರೆಯಬೇಕು. ಆಗಿನ ಮಾಂಟ್‌ಗೊಮರಿ ಬಸ್ಸಿನಲ್ಲಿ 36 ಸೀಟು. ಮುಂದಿನ 10 ಬಿಳಿಯರಿಗೇ ಮೀಸಲು. ಖಾಲಿ ಹೊಡೆಯುತ್ತಿದ್ದರೂ ಕಪ್ಪು ಜನ ಅಲ್ಲಿ ಕೂರುವಂತಿಲ್ಲ. ಹಿಂದಿನ 10 ಕಪ್ಪು ಜನಕ್ಕೆ. ನಡುವಿನ 16 ಡ್ರೈವರ್ ಹೇಳಿದಂತೆ. ಹೆಚ್ಚಿನ ಸಾಲುಗಳಲ್ಲಿ ನಡುವೆ ದಾರಿ, ಆಚೆ ಎರಡು, ಈಚೆ ಎರಡು ಸೀಟು. ಕಪ್ಪು ಪ್ರಯಾಣಿಕರು ಮುಂದಿನ ಬಾಗಿಲಲ್ಲಿ ಹತ್ತಿ ದುಡ್ಡು ಕೊಟ್ಟು, ಇಳಿದು, ಹಿಂದಿನ ಬಾಗಿಲಿಗೆ ಹೋಗಿ ಮತ್ತೆ ಹತ್ತಬೇಕಿತ್ತು. ಎಷ್ಟೋ ಸಲ ಅಷ್ಟರಲ್ಲಿ ಬಸ್ಸು ಹೊರಟೇಹೋಗುತ್ತಿತ್ತು. ಈ ಬಾಗಿಲುಗಳನ್ನೂ ಬರೆಯಿರಿ, ಮರೆಯಬೇಡಿ. ಈ ಇಳಿದು ಹತ್ತುವ ಅವಮಾನ ಮಕ್ಕಳಿಗೆ ಸೀಟಿನ ವಿಷಯಕ್ಕಿಂತ ಬೇಗ ತಟ್ಟುತ್ತದೆ.

ಈಗ ಬೀಜ ಇಡಿ. ಕಡಲೆಕಾಳು ಬಿಳಿಯರು, ಹುಣಸೆಬೀಜ ಕಪ್ಪು ಜನ. 1955ರ ಡಿಸೆಂಬರ್ 1, ಗುರುವಾರ ಸಂಜೆ. ಮುಂದಿನ ಹತ್ತೂ ಸೀಟು ತುಂಬಿವೆ, ಒಬ್ಬ ಬಿಳಿಯ ನಿಂತಿದ್ದಾನೆ. ಅದರ ಹಿಂದಿನ ಮೊದಲ ಸಾಲಿನಲ್ಲಿ ನಾಲ್ವರು ಕಪ್ಪು ಪ್ರಯಾಣಿಕರು, ಅವರಲ್ಲೊಬ್ಬರು ರೋಸಾ ಪಾರ್ಕ್ಸ್. ಡ್ರೈವರ್ ಕೇಳಿದ್ದು ಒಂದು ಸೀಟಲ್ಲ, ನಾಲ್ಕು. ಬಿಳಿಯನೊಬ್ಬ ಕೂತ ಸಾಲಿನಲ್ಲಿ, ದಾರಿಯ ಆಚೆ ಬದಿಯಲ್ಲೂ ಕಪ್ಪು ಜನ ಕೂರಬಾರದು ಎಂಬುದು ಅಲ್ಲಿನ ಪದ್ಧತಿ. ಮೂವರು ಎದ್ದರು. ಪಾರ್ಕ್ಸ್ ಏಳುವ ಬದಲು ಕಿಟಕಿಯ ಕಡೆಗೆ ಸರಿದು ಕೂತರು. ಒಂದು ಕಡಲೆಕಾಳಿಗಾಗಿ ನಾಲ್ಕು ಹುಣಸೆಬೀಜ ಎತ್ತಬೇಕು ಎಂದು ಮಕ್ಕಳೇ ಕೈಯಾರೆ ಎತ್ತಿ ನೋಡಿದಾಗ, ಅಲ್ಲಿದ್ದದ್ದು ಸೀಟಿನ ಕೊರತೆಯಲ್ಲ ಎಂಬುದನ್ನು ಮೇಷ್ಟ್ರು ಬಿಡಿಸಿ ಹೇಳಬೇಕಾಗಿಲ್ಲ. ಪಾರ್ಕ್ಸ್ ಕೂತಿದ್ದ ಜಾಗ ತೋರಿಸುವ ಬಸ್ಸಿನ ನಕ್ಷೆಯೊಂದನ್ನು ಮುಂದೆ ನ್ಯಾಯಾಲಯಕ್ಕೆ ಸಲ್ಲಿಸಲಾಯಿತು. ಅದು ಈಗ ಅಮೆರಿಕದ ರಾಷ್ಟ್ರೀಯ ಪತ್ರಾಗಾರದಲ್ಲಿದೆ.

ಇಲ್ಲಿ ಬೀಜವೇ ಯಾಕೆ, ಮಕ್ಕಳನ್ನೇ ಕೂರಿಸಿ ಆಡಿಸಬಾರದೇ ಎಂದರೆ, ಬಾರದು. ಒಂದು ಮಗುವನ್ನು ಕಪ್ಪು ಪ್ರಯಾಣಿಕ, ಇನ್ನೊಂದನ್ನು ಬಿಳಿ ಡ್ರೈವರ್ ಮಾಡಿ ಎಬ್ಬಿಸುವ ಆಟ ನಮ್ಮ ತರಗತಿಗಳಲ್ಲಿ ಎರಡೇ ನಿಮಿಷದಲ್ಲಿ ಕೈಮೀರುತ್ತದೆ. ಮೈಬಣ್ಣ ತುಸು ಕಪ್ಪಾಗಿರುವ ಹುಡುಗಿಯ ಕಡೆಗೆ ಎಲ್ಲರೂ ತಿರುಗಿ ನೋಡುತ್ತಾರೆ. ‘ಕರಿಯ’ ಎಂಬುದು ನಮ್ಮಲ್ಲಿ ಹೆಸರೂ ಹೌದು, ಬೈಗುಳವೂ ಹೌದು. ಪಾಠ ಮುಗಿದ ಮೇಲೆ ವಾರಗಟ್ಟಲೆ ಆ ಮಾತು ಯಾರ ಬೆನ್ನು ಹತ್ತುತ್ತದೆ ಎಂಬುದು ಶಿಕ್ಷಕರಿಗೆ ಗೊತ್ತೇ ಇದೆ. ಜಾತಿಯಿಂದಾಗಿ ಮನೆಯಲ್ಲೋ ಊರಲ್ಲೋ ಈ ಅವಮಾನವನ್ನು ಉಂಡಿರುವ ಮಗುವಿಗೆ ಅದನ್ನೇ ಮತ್ತೆ ನಟಿಸು ಎಂದು ಹೇಳುವುದು ಕ್ರೌರ್ಯ. ಹಾಗೆಯೇ, ‘ನಿನಗೆ ಹೀಗೆ ಆಗಿದೆಯಾ, ಹೇಳು’ ಎಂದು ಯಾವ ಮಗುವನ್ನೂ ಎದ್ದು ನಿಲ್ಲಿಸಬೇಡಿ. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ, ಅಷ್ಟೇ. ಇನ್ನೊಂದು ಮಾತು: ಹಳೆಯ ಕನ್ನಡ ಪುಸ್ತಕಗಳಲ್ಲಿ ‘ನೀಗ್ರೋ’ ಎಂದಿರುತ್ತದೆ. ಅದು ಆ ಕಾಲದ ದಾಖಲೆಗಳಲ್ಲಿ ಇದ್ದ ಮಾತು, ಈಗ ‘ಕಪ್ಪು ಜನ’ ಅಥವಾ ‘ಆಫ್ರಿಕನ್ ಅಮೆರಿಕನ್ನರು’ ಎನ್ನುತ್ತೇವೆ ಎಂದು ಒಮ್ಮೆ ಹೇಳಿ ಮುಂದೆ ಹೋಗಿ.

‘ದಣಿದಿದ್ದರು’ ಎಂಬ ಮಾತನ್ನೂ ಮೊದಲ ದಿನವೇ ಸರಿಪಡಿಸುವುದು ಒಳ್ಳೆಯದು. ಪಾರ್ಕ್ಸ್‌ಗೆ ಆಗ 42 ವರ್ಷ. ಕಪ್ಪು ಜನರ ಹಕ್ಕುಗಳಿಗಾಗಿ ದುಡಿಯುತ್ತಿದ್ದ ಎನ್‌ಎಎಸಿಪಿ ಸಂಸ್ಥೆಯ ಊರಿನ ಶಾಖೆಗೆ ಅವರು ಕಾರ್ಯದರ್ಶಿಯಾಗಿ ವರ್ಷಗಳೇ ಕಳೆದಿದ್ದವು. ಅದೇ ಬೇಸಿಗೆಯಲ್ಲಿ ಹೋರಾಟಗಾರರಿಗೆ ತರಬೇತಿ ಕೊಡುತ್ತಿದ್ದ ಟೆನೆಸೀ ರಾಜ್ಯದ ಹೈಲ್ಯಾಂಡರ್ ಜನಪದ ಶಾಲೆಯಲ್ಲಿ ಎರಡು ವಾರದ ತರಬೇತಿ ಪಡೆದು ಬಂದಿದ್ದರು. ಅಂದು ಸಂಜೆ ಬಸ್ಸಿನಲ್ಲಿದ್ದ ಡ್ರೈವರ್ ಜೇಮ್ಸ್ ಬ್ಲೇಕ್ 1943ರಲ್ಲೂ ಅವರನ್ನು ಬಸ್ಸಿನಿಂದ ಇಳಿಸಿದ್ದ. ತಲೆಬಾಗಿ ತಲೆಬಾಗಿ ಸಾಕಾಗಿತ್ತೇ ಹೊರತು ಮೈ ದಣಿದಿರಲಿಲ್ಲ ಎಂದು ಅವರೇ ಮುಂದೆ ಬರೆದುಕೊಂಡಿದ್ದಾರೆ.

ಎರಡನೇ ಪೀರಿಯಡ್ ಪೂರ್ತಿ ಒಂದು ರಾತ್ರಿಗೆ ಮೀಸಲಿಡಿ. ಇಡೀ ಪಾಠದಲ್ಲಿ ಮಕ್ಕಳಿಗೆ ಅತಿ ಹೆಚ್ಚು ಹಿಡಿಸುವ ಭಾಗ ಇದು. ಪಾರ್ಕ್ಸ್ ಬಂಧನದ ಸುದ್ದಿ ಅದೇ ರಾತ್ರಿ ಜೋ ಆ್ಯನ್ ರಾಬಿನ್ಸನ್ ಅವರಿಗೆ ಮುಟ್ಟಿತು. ಅವರು ಅಲಬಾಮಾ ಸ್ಟೇಟ್ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕಿ, ಊರಿನ ಕಪ್ಪು ಹೆಂಗಸರ ಸಂಘಟನೆಯಾದ ಮಹಿಳಾ ರಾಜಕೀಯ ಮಂಡಳಿಯ ಮುಖ್ಯಸ್ಥೆ. ಬಸ್ಸಿನಲ್ಲಿ ಹೀಗೇ ನಡೆದರೆ ಜನ ಬಹಿಷ್ಕಾರ ಹಾಕಬೇಕಾದೀತು ಎಂದು ಹದಿನೆಂಟು ತಿಂಗಳು ಮೊದಲೇ, 1954ರ ಮೇ 21ರಂದು, ಮೇಯರ್‌ಗೆ ಪತ್ರ ಬರೆದಿದ್ದರು. ಎಂದರೆ ಯೋಚನೆ ಸಿದ್ಧವಿತ್ತು, ಸಂದರ್ಭ ಬರಬೇಕಿತ್ತು. ನಡುರಾತ್ರಿ ಕಾಲೇಜಿಗೆ ಹೋಗಿ, ಒಬ್ಬ ಸಹೋದ್ಯೋಗಿ ಮತ್ತು ಇಬ್ಬರು ವಿದ್ಯಾರ್ಥಿಗಳ ಜೊತೆ ಅಲ್ಲಿನ ಮಿಮಿಯೋಗ್ರಾಫ್ ಯಂತ್ರದಲ್ಲಿ ಕರಪತ್ರ ಹೊಡೆಯಲು ಕೂತರು. ಒಂದು ಹಾಳೆಯಲ್ಲಿ ಅದೇ ಒಕ್ಕಣೆ ಮೂರು ಸಲ, ಆಮೇಲೆ ಮೂರು ತುಂಡಾಗಿ ಕತ್ತರಿಸುವುದು. ಬೆಳಗಿನ ನಾಲ್ಕು ಗಂಟೆಯ ಹೊತ್ತಿಗೆ ಹತ್ತಾರು ಸಾವಿರ ಪ್ರತಿ ತಯಾರು. ಶುಕ್ರವಾರ ಅವು ಶಾಲೆಗಳಿಗೆ, ಅಂಗಡಿಗಳಿಗೆ, ಕ್ಷೌರದಂಗಡಿಗಳಿಗೆ ಹೋದವು. ಸೋಮವಾರ, ಡಿಸೆಂಬರ್ 5ರಂದು, ಬಸ್ಸು ಹತ್ತಬೇಡಿ ಎಂಬುದು ಕರೆ. ನಡುವೆ ಇದ್ದದ್ದು ಮೂರೇ ದಿನ.

ತರಗತಿಯಲ್ಲಿ ಇದನ್ನು ಮಾಡಿಸಿ ನೋಡಿ. ನಾಲ್ಕು ಮಕ್ಕಳಿಗೊಂದು ಗುಂಪು. ಪ್ರತಿ ಗುಂಪಿಗೆ ಒಂದು ಹಾಳೆ, ಅದನ್ನು ಅಡ್ಡಡ್ಡ ಮೂರು ಭಾಗವಾಗಿ ಮಡಚಬೇಕು. ಒಂದು ಭಾಗದಲ್ಲಿ ಹಿಡಿಯುವಷ್ಟೇ ಮಾತಿನಲ್ಲಿ ಕರಪತ್ರ ಬರೆಯಬೇಕು: ಏನಾಯಿತು, ಯಾಕೆ ತಪ್ಪು, ಯಾವ ದಿನ ಏನು ಮಾಡಬೇಕು, ಕೆಲಸಕ್ಕೆ ಹೋಗುವವರು ಹೇಗೆ ಹೋಗಬೇಕು. ಸಮಯ 15 ನಿಮಿಷ. ಮಕ್ಕಳು ಸಾಮಾನ್ಯವಾಗಿ ಎಡವುವುದು ಎರಡು ಕಡೆ. ‘ಅನ್ಯಾಯದ ವಿರುದ್ಧ ಎದ್ದೇಳಿ’ ಎಂಬಂಥ ಘೋಷಣೆಗಳಲ್ಲೇ ಜಾಗ ಮುಗಿದುಹೋಗಿ ದಿನಾಂಕ ಹಾಕುವುದು ಮರೆತಿರುತ್ತಾರೆ. ಇಲ್ಲವೇ ಬಸ್ಸು ಹತ್ತಬೇಡಿ ಎಂದು ಬರೆದು, ಐದು ಮೈಲಿ ದೂರದ ಮನೆಗೆಲಸಕ್ಕೆ ಹೋಗುವ ಹೆಂಗಸು ಏನು ಮಾಡಬೇಕು ಎಂಬುದನ್ನು ಬಿಟ್ಟಿರುತ್ತಾರೆ. ರಾಬಿನ್ಸನ್ ಅವರ ಕರಪತ್ರದಲ್ಲಿ ಎರಡೂ ಇತ್ತು: ಸೋಮವಾರ ಎಂದು ಸ್ಪಷ್ಟವಾಗಿ, ಟ್ಯಾಕ್ಸಿ ಹಿಡಿಯಿರಿ ಅಥವಾ ನಡೆಯಿರಿ ಎಂದು ಸ್ಪಷ್ಟವಾಗಿ. ಪ್ರಯಾಣಿಕರಲ್ಲಿ ನಾಲ್ಕರಲ್ಲಿ ಮೂರು ಪಾಲು ನಾವೇ ಎಂಬ ಲೆಕ್ಕವೂ ಅದರಲ್ಲೇ ಇತ್ತು. ಇಲ್ಲದೇ ಇದ್ದದ್ದು ರೋಸಾ ಪಾರ್ಕ್ಸ್ ಹೆಸರು. ‘ಇನ್ನೊಬ್ಬ ಹೆಂಗಸನ್ನು ಬಂಧಿಸಿದ್ದಾರೆ’ ಎಂದಷ್ಟೇ ಇತ್ತು. ಮಕ್ಕಳಿಗೆ ಇದು ಆಶ್ಚರ್ಯ ತರುತ್ತದೆ, ತರಬೇಕು ಕೂಡ.

‘ಇನ್ನೊಬ್ಬ’ ಎಂದರೆ ಮೊದಲು ಯಾರು? ಕ್ಲಾಡೆಟ್ ಕಾಲ್ವಿನ್. 15 ವರ್ಷದ ಹೈಸ್ಕೂಲು ಹುಡುಗಿ. ಒಂಬತ್ತು ತಿಂಗಳು ಮೊದಲು, 1955ರ ಮಾರ್ಚ್ 2ರಂದು, ಅದೇ ಊರಿನ ಬಸ್ಸಿನಲ್ಲಿ ಅವಳೂ ಏಳಲಿಲ್ಲ. ಪೊಲೀಸರು ಎಳೆದೊಯ್ದರು. ಊರಿನ ಮುಖಂಡರು ಅವಳ ಪ್ರಕರಣ ಹಿಡಿದು ಹೋರಾಟ ಕಟ್ಟಲು ಹಿಂಜರಿದರು: ವಯಸ್ಸು ಚಿಕ್ಕದು, ಬಡವರ ಮನೆ, ಪತ್ರಿಕೆಗಳ ಮುಂದೆ ನಿಲ್ಲಿಸಿದರೆ ಜನ ಏನೆಂದಾರು. ಕರಪತ್ರದಲ್ಲಿ ಅವಳ ಹೆಸರು ಬಂದದ್ದೂ ತಪ್ಪಾಗಿ, ‘ಕೋಲ್ಬರ್ಟ್’ ಎಂದು. ನಮ್ಮ ಹತ್ತನೇ ತರಗತಿಯವರ ವಯಸ್ಸೇ ಅವಳದು. ಮುಖಂಡರ ತೀರ್ಮಾನ ಸರಿಯೋ ತಪ್ಪೋ ಎಂಬ ಚರ್ಚೆಗೆ ಹತ್ತು ನಿಮಿಷ ಬಿಡಿ, ತೀರ್ಪು ಕೊಡಲು ಹೋಗಬೇಡಿ. ಹೋರಾಟಗಳು ಕೂಡ ಒಬ್ಬರನ್ನು ಆರಿಸಿ ಇನ್ನೊಬ್ಬರನ್ನು ಹಿಂದೆ ಸರಿಸುತ್ತವೆ ಎಂಬ ನೋವಿನ ಸತ್ಯವನ್ನು ಮಕ್ಕಳಿಂದ ಮುಚ್ಚಿಡಬೇಕಾದ ಕಾರಣವಿಲ್ಲ. ಆದರೆ ಕಥೆ ಅಲ್ಲಿಗೆ ನಿಲ್ಲಿಸಬೇಡಿ. ಈ ಹುಡುಗಿ ಮತ್ತೆ ಬರುತ್ತಾಳೆ.

ಮೂರನೇ ಪೀರಿಯಡ್ಡಿಗೆ ಮುಂಚೆ ಒಂದು ಪದವನ್ನು ಬಿಡಿಸಿಕೊಳ್ಳಬೇಕು: ಬಹಿಷ್ಕಾರ. ಕನ್ನಡದಲ್ಲಿ ಈ ಮಾತಿಗೆ ಎರಡು ಮುಖ. ಊರಿನ ಬಲಾಢ್ಯರು ಒಂದು ಕುಟುಂಬಕ್ಕೆ ಅಂಗಡಿ, ಬಾವಿ, ಕೂಲಿ, ಕ್ಷೌರ ಎಲ್ಲ ನಿಲ್ಲಿಸುವುದೂ ಬಹಿಷ್ಕಾರವೇ. ಮಾಂಟ್‌ಗೊಮರಿಯ ಜನ ತಮ್ಮ ಜೇಬಿನ ಹತ್ತು ಸೆಂಟನ್ನು ಬಸ್ಸಿಗೆ ಹಾಕದೆ ಇದ್ದದ್ದೂ ಬಹಿಷ್ಕಾರವೇ. ಹಳ್ಳಿಯ ಮಕ್ಕಳಿಗೆ ಮೊದಲನೆಯದೇ ಪರಿಚಿತ. ಬಿಡಿಸಿ ಹೇಳದಿದ್ದರೆ ಕಪ್ಪು ಜನವೇ ಬಿಳಿಯರನ್ನು ಊರಾಚೆ ಹಾಕಿದರು ಎಂದು ಬರೆಯುವವರು ಇರುತ್ತಾರೆ. ಕಪ್ಪು ಹಲಗೆಯ ಮೇಲೆ ಎರಡು ಕಾಲಂ ಮಾಡಿ ಕೇಳಿ: ಯಾರು ಮಾಡಿದರು? ಯಾರಿಗೆ ಏನು ತಪ್ಪಿತು? ಕಷ್ಟ ಯಾರ ಮೈಮೇಲೆ ಬಿತ್ತು? ಒಂದು ಕಡೆ ಬಲವಿರುವವರು ಬಲವಿಲ್ಲದವರ ಅನ್ನ ನೀರು ತಡೆಯುತ್ತಾರೆ. ಇನ್ನೊಂದು ಕಡೆ ಬಲವಿಲ್ಲದವರು ತಮ್ಮ ಪಾಲಿನದನ್ನು ಹಿಂತೆಗೆದು, ನಡೆಯುವ ಕಷ್ಟವನ್ನು ತಾವೇ ಹೊರುತ್ತಾರೆ. ‘ಶಾಂತಿ’ ಎಂಬ ಪದಕ್ಕೂ ಇದೇ ತೊಂದರೆ. ದಿನವಿಡೀ ‘ಸೈಲೆನ್ಸ್’ ಕೇಳುವ ಮಕ್ಕಳಿಗೆ ಶಾಂತಿಯುತ ಎಂದರೆ ಬಾಯಿ ಮುಚ್ಚಿಕೊಂಡಿರುವುದು. ಮಾಂಟ್‌ಗೊಮರಿಯಲ್ಲಿ ಯಾರೂ ಬಾಯಿ ಮುಚ್ಚಿಕೊಂಡಿರಲಿಲ್ಲ. ಡಿಸೆಂಬರ್ 5ರ ರಾತ್ರಿ ಹೋಲ್ಟ್ ಸ್ಟ್ರೀಟ್ ಚರ್ಚಿನಲ್ಲಿ ಸೇರಿದ್ದ ಸಾವಿರಾರು ಜನರಲ್ಲಿ ಹೆಚ್ಚಿನವರು ಒಳಗೆ ಜಾಗವೇ ಸಿಗದೆ ಬೀದಿಯಲ್ಲಿ ನಿಂತಿದ್ದರು.

ಬಹಿಷ್ಕಾರ ನಡೆಸಲು ಅಂದೇ ಹುಟ್ಟಿದ ಸಂಘಕ್ಕೆ 26 ವರ್ಷದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ಅಧ್ಯಕ್ಷರಾದರು. ಅವರು ಊರಿಗೆ ಹೊಸಬರು. ಅವರ ಭಾಷಣಗಳ ಬಗ್ಗೆ ಮಕ್ಕಳು ಹೇಗೂ ಕೇಳುತ್ತಾರೆ, ಹೆಚ್ಚು ಹೊತ್ತು ಬೇಡ. ಅದಕ್ಕಿಂತ ಮುಖ್ಯವಾದದ್ದು ಆರಂಭದ ಬೇಡಿಕೆಗಳು. ಡ್ರೈವರ್‌ಗಳು ಮರ್ಯಾದೆಯಿಂದ ಮಾತಾಡಬೇಕು. ಮೊದಲು ಬಂದವರಿಗೆ ಮೊದಲು ಸೀಟು, ಕಪ್ಪು ಜನ ಹಿಂದಿನಿಂದ, ಬಿಳಿಯರು ಮುಂದಿನಿಂದ ತುಂಬುತ್ತ ಬರಲಿ. ಕಪ್ಪು ಜನರೇ ಹೆಚ್ಚಾಗಿರುವ ಮಾರ್ಗಗಳಿಗೆ ಕಪ್ಪು ಡ್ರೈವರ್‌ಗಳು ಬೇಕು. ಗಮನಿಸಿ, ಬೇರೆ ಬೇರೆ ಕೂರಿಸುವ ಪದ್ಧತಿಯೇ ಹೋಗಬೇಕು ಎಂದು ಆಗ ಕೇಳಿರಲಿಲ್ಲ. ಇಷ್ಟು ಸಣ್ಣ ಬೇಡಿಕೆಗೂ ನಗರಾಡಳಿತ ಒಪ್ಪಲಿಲ್ಲ, ಒಂದು ದಿನಕ್ಕೆಂದು ಕರೆದ ಬಹಿಷ್ಕಾರ ಮುಂದುವರಿಯಿತು. ಒಪ್ಪಿದ್ದರೆ ಹೋರಾಟ ಅಲ್ಲಿಗೇ ಮುಗಿಯುತ್ತಿತ್ತೇನೋ.

ಈಗ ಲೆಕ್ಕ. ನೆಲದ ಬಸ್ಸಿನಲ್ಲಿ 36 ಮಕ್ಕಳನ್ನು ಸುಮ್ಮನೆ ಪ್ರಯಾಣಿಕರಾಗಿ ಕೂರಿಸಿ. ನಾಲ್ಕರಲ್ಲಿ ಮೂರು ಪಾಲು, ಅಂದರೆ 27 ಮಕ್ಕಳು ಎದ್ದು ಹೋಗಿ ಗೋಡೆಗೆ ನಿಲ್ಲಲಿ. ಒಳಗೆ ಉಳಿದ ಒಂಬತ್ತು ಮಕ್ಕಳನ್ನು ಎಲ್ಲರೂ ನೋಡಲಿ. ಬಸ್ ಕಂಪನಿಯ ಡೀಸೆಲ್, ಡ್ರೈವರ್ ಸಂಬಳ, ರಿಪೇರಿ ಯಾವುದೂ ಕಡಿಮೆಯಾಗಿಲ್ಲ ಎಂದು ಆಗ ಹೇಳಿ. ಎರಡನೇ ಲೆಕ್ಕ ನಡೆಯುವವರದು. ಮನೆಯಿಂದ ಕೆಲಸಕ್ಕೆ 4 ಕಿಲೋಮೀಟರ್ ಎಂದಿಟ್ಟುಕೊಳ್ಳಿ, ಹೋಗಿಬರಲು 8. 381 ದಿನಗಳಲ್ಲಿ ಭಾನುವಾರ ಕಳೆದರೆ ಹೆಚ್ಚುಕಡಿಮೆ 326 ದಿನ. ಗುಣಿಸಿದರೆ 2,608 ಕಿಲೋಮೀಟರ್. ಬೆಂಗಳೂರಿನಿಂದ ದೆಹಲಿ ದಾಟಿ ಮುಂದಕ್ಕೆ. ಶೂಸಿನ ಅಟ್ಟೆ ಎಷ್ಟು ಸಲ ಸವೆದಿರಬಹುದು ಎಂದು ಮಕ್ಕಳು ಕೇಳದೆ ಬಿಡುವುದಿಲ್ಲ.

ಎಲ್ಲರೂ ನಡೆಯಲಿಲ್ಲ, ನಡೆಯಲು ಸಾಧ್ಯವೂ ಇರಲಿಲ್ಲ. ಮೊದಲಿಗೆ ಕಪ್ಪು ಟ್ಯಾಕ್ಸಿ ಚಾಲಕರು ಬಸ್ಸಿನ ದರಕ್ಕೇ, ಹತ್ತು ಸೆಂಟಿಗೇ, ಜನರನ್ನು ಕರೆದೊಯ್ದರು. ಕನಿಷ್ಠ ದರ 45 ಸೆಂಟು ಎಂಬ ನಿಯಮ ಹಿಡಿದು ನಗರಾಡಳಿತ ಅದನ್ನು ತಡೆಯಿತು. ಆಗ ಲೂಯಿಸಿಯಾನಾದ ಬ್ಯಾಟನ್ ರೂಜ್ ಊರಿನವರು 1953ರಲ್ಲಿ ಮಾಡಿದ್ದ ಏರ್ಪಾಟನ್ನು ಕೇಳಿ ತಿಳಿದು, ಸ್ವಂತ ಕಾರುಗಳ ಸರದಿ ವ್ಯವಸ್ಥೆ ಕಟ್ಟಿದರು: ಸುಮಾರು 300 ಕಾರು, ಹತ್ತಿಸಿಕೊಳ್ಳಲು ಗೊತ್ತಾದ ಜಾಗಗಳು, ಗೊತ್ತಾದ ಹೊತ್ತು. ಚರ್ಚುಗಳು ದೊಡ್ಡ ಗಾಡಿಗಳನ್ನು ಕೊಂಡುಕೊಟ್ಟವು. ಪೊಲೀಸರು ಸಣ್ಣಪುಟ್ಟ ನೆಪಕ್ಕೆಲ್ಲ ದಂಡ ಹಾಕಿದರು. ವಿಮೆ ಕಂಪನಿಗಳು ಪಾಲಿಸಿ ರದ್ದು ಮಾಡಿದವು. ವಿಮೆಯಿಲ್ಲದೆ ಗಾಡಿ ರಸ್ತೆಗಿಳಿಯುವಂತಿಲ್ಲ. ಕೊನೆಗೆ ಲಂಡನ್ನಿನ ಲಾಯ್ಡ್ಸ್ ಮೂಲಕ ವಿಮೆ ಸಿಕ್ಕಿತು. ಮಕ್ಕಳನ್ನು ಎಂಟೆಂಟರ ಸಮಿತಿ ಮಾಡಿ, ಊರಿನ ನಕ್ಷೆ ಬರೆದುಕೊಟ್ಟು, ಐದು ಕಾರುಗಳಲ್ಲಿ 60 ಜನರನ್ನು ಬೆಳಿಗ್ಗೆ ಎಂಟರೊಳಗೆ ಮುಟ್ಟಿಸುವ ವೇಳಾಪಟ್ಟಿ ಮಾಡಲು ಹೇಳಿ. ನಟನೆ ಮಾಡಿಸಬೇಕೆಂದಿದ್ದರೆ ಮಾಡಿಸಬೇಕಾದ ನಟನೆ ಇದು, ಸಮಿತಿಯ ಸಭೆ. ಇದರಲ್ಲಿ ಯಾವ ಮಗುವಿಗೂ ಅವಮಾನವಿಲ್ಲ, ಹಿಂದಿನ ಬೆಂಚಿನವರೂ ಬಾಯಿ ಬಿಡುತ್ತಾರೆ.

ಪೆಟ್ರೋಲಿನ ದುಡ್ಡಿಗೆ ಜಾರ್ಜಿಯಾ ಗಿಲ್ಮೋರ್ ಎಂಬ ಅಡುಗೆಯವರು ಕಂಡುಕೊಂಡ ದಾರಿಯನ್ನು ಮಾತ್ರ ಬಿಡಬೇಡಿ. ಊರಿನ ಕಪ್ಪು ಹೆಂಗಸರು ಮನೆಯಲ್ಲಿ ಕೋಳಿ, ಕೇಕು, ಸಿಹಿ ಕಡುಬಿನಂಥ ಪೈ ಮಾಡಿ ಮಾರುತ್ತಿದ್ದರು, ಬಂದ ದುಡ್ಡನ್ನು ಗಿಲ್ಮೋರ್ ಸಭೆಗೆ ತಂದು ಒಪ್ಪಿಸುತ್ತಿದ್ದರು. ಈ ಹೆಂಗಸರಲ್ಲಿ ಹಲವರು ಬಿಳಿಯರ ಮನೆಗಳಲ್ಲೇ ಕೆಲಸಕ್ಕಿದ್ದವರು, ಹೆಸರು ಹೊರಬಿದ್ದರೆ ಕೆಲಸ ಹೋಗುತ್ತದೆ. ಅದಕ್ಕೇ ಗುಂಪಿಗೆ ‘ಎಲ್ಲಿಂದಲೂ ಅಲ್ಲದ ಕ್ಲಬ್’ ಎಂಬ ಅರ್ಥದ ಹೆಸರಿಟ್ಟರು. ದುಡ್ಡು ಎಲ್ಲಿಂದ ಬಂತು ಎಂದರೆ, ಎಲ್ಲಿಂದಲೂ ಇಲ್ಲ.

ನಾಲ್ಕನೇ ಪೀರಿಯಡ್ ಆರಂಭಕ್ಕೆ ಮಕ್ಕಳಲ್ಲಿ ಒಂದು ತಪ್ಪು ಕಲ್ಪನೆ ಇರುತ್ತದೆ, ಬಸ್ ಕಂಪನಿಗೆ ನಷ್ಟವಾಯಿತು, ಅದಕ್ಕೆ ಸೋತರು ಎಂದು. ನಷ್ಟವಾದದ್ದು ನಿಜ, ಆದರೂ ನಗರಾಡಳಿತ ಜಗ್ಗಲಿಲ್ಲ. 1956ರ ಜನವರಿ 30ರಂದು ಕಿಂಗ್ ಮನೆಗೆ ಬಾಂಬು ಬಿತ್ತು. ಅದಾದ ಎರಡೇ ದಿನಕ್ಕೆ, ಫೆಬ್ರವರಿ 1ರಂದು, ಯುವ ವಕೀಲ ಫ್ರೆಡ್ ಗ್ರೇ ಫೆಡರಲ್ ನ್ಯಾಯಾಲಯದಲ್ಲಿ ದಾವೆ ಹೂಡಿದರು. ಕೊನೆಯವರೆಗೆ ಉಳಿದ ಅರ್ಜಿದಾರರು ನಾಲ್ವರು ಹೆಂಗಸರು: ಅರೀಲಿಯಾ ಬ್ರೌಡರ್, ಸೂಸಿ ಮೆಕ್‌ಡೊನಾಲ್ಡ್, ಮೇರಿ ಲೂಯಿಸ್ ಸ್ಮಿತ್, ಮತ್ತು ಆ ಹುಡುಗಿ, ಕ್ಲಾಡೆಟ್ ಕಾಲ್ವಿನ್. ರೋಸಾ ಪಾರ್ಕ್ಸ್ ಹೆಸರು ಈ ದಾವೆಯಲ್ಲಿ ಇಲ್ಲ. ಪತ್ರಿಕೆಗಳ ಮುಂದೆ ನಿಲ್ಲಿಸಲು ಬೇಡವೆನಿಸಿದ್ದ ಹುಡುಗಿ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದಳು. ಜೂನ್ 5ರಂದು ಮೂವರು ನ್ಯಾಯಾಧೀಶರ ಪೀಠ ಎರಡಕ್ಕೆ ಒಂದರ ಬಹುಮತದಿಂದ ಬಸ್ಸಿನ ಭೇದ ಸಂವಿಧಾನಬಾಹಿರ ಎಂದಿತು. ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ದಿನ ಸ್ಥಳೀಯ ನ್ಯಾಯಾಲಯ ಕಾರುಗಳ ವ್ಯವಸ್ಥೆಗೆ ತಡೆಯಾಜ್ಞೆ ಕೊಟ್ಟಿತು. ಗೆದ್ದ ಸುದ್ದಿ ಬಂದಿದೆ, ಆದೇಶದ ಪ್ರತಿ ಬಂದಿಲ್ಲ, ಕಾರುಗಳೂ ಇಲ್ಲ. ಡಿಸೆಂಬರ್ 20ರವರೆಗೆ, ಐದು ವಾರಕ್ಕೂ ಮಿಕ್ಕಿ, ಜನ ನಡೆದರು.

ಆ ದಿನಗಳಲ್ಲಿ ಚರ್ಚುಗಳ ಒಳಗೆ ನಡೆದದ್ದು ಶಾಂತಿಯುತ ಹೋರಾಟ ಎಂದರೇನು ಎಂಬುದಕ್ಕೆ ಅತ್ಯುತ್ತಮ ಪಾಠ. ಕುರ್ಚಿಗಳನ್ನು ಬಸ್ಸಿನ ಸೀಟಿನಂತೆ ಜೋಡಿಸಿ, ಮತ್ತೆ ಬಸ್ಸು ಹತ್ತುವ ಅಭ್ಯಾಸ ಮಾಡಿದರು. ಡಿಸೆಂಬರ್ 19ರಂದು ಒಂದು ಸೂಚನಾಪತ್ರ ಹಂಚಿದರು. ಅದರ ಸಾರ ಇಷ್ಟು: ಖಾಲಿ ಸೀಟು ಯಾವುದಿದ್ದರೂ ಕೂರಿ, ಆದರೆ ಬೇರೆ ಸೀಟು ಇರುವಾಗ ಬೇಕೆಂದೇ ಬಿಳಿಯರ ಪಕ್ಕ ಹೋಗಿ ಕೂರಬೇಡಿ, ಪಕ್ಕ ಕೂರುವಾಗ ‘ಕೂರಬಹುದೇ’ ಎಂದು ಕೇಳಿ, ಬೈದರೆ ಮರುಬೈಗುಳ ಬೇಡ, ತಳ್ಳಿದರೆ ತಳ್ಳಬೇಡಿ, ಹೊಡೆದರೆ ಹೊಡೆಯಬೇಡಿ, ಗೆದ್ದೆವೆಂದು ಜಂಬ ಕೊಚ್ಚಬೇಡಿ. ಹಲಗೆಯ ಮೇಲೆ ಇವನ್ನು ಬರೆದು, ಪ್ರತಿಯೊಂದರ ಪಕ್ಕ ‘ಯಾಕೆ’ ಎಂದು ಕೇಳಿ. ಬೇಕೆಂದೇ ಪಕ್ಕ ಕೂರಬಾರದು ಏಕೆ, ಹಕ್ಕಿದೆಯಲ್ಲ ಎಂದು ವಾದಿಸುವ ಮಕ್ಕಳು ಸಿಗುತ್ತಾರೆ. ವಾದ ನಡೆಯಲಿ.

ಇದೇ ಎಳೆ ನಮ್ಮ ನಾಡಿನ ತನಕ ಬರುತ್ತದೆ. ಜೇಮ್ಸ್ ಲಾಸನ್ ಎಂಬ ಕಪ್ಪು ಅಮೆರಿಕನ್ ಯುವಕ 1953ರಿಂದ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧೀಜಿಯ ಸತ್ಯಾಗ್ರಹದ ಕ್ರಮಗಳನ್ನು ಅಭ್ಯಾಸ ಮಾಡಿದರು. ಮಾಂಟ್‌ಗೊಮರಿಯ ಸುದ್ದಿ ಓದಿದ್ದೂ ಅಲ್ಲೇ. ಅಮೆರಿಕಕ್ಕೆ ಮರಳಿ, ಟೆನೆಸೀ ರಾಜ್ಯದ ನ್ಯಾಶ್‌ವಿಲ್‌ನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ತರಬೇತಿ ನಡೆಸಿದರು. ಒಬ್ಬರು ಊಟದ ಕೌಂಟರಿನಲ್ಲಿ ಕೂತಂತೆ ಕೂರುವುದು, ಉಳಿದವರು ಬೈಯುವುದು, ಮುಖಕ್ಕೆ ಸಿಗರೇಟಿನ ಹೊಗೆ ಬಿಡುವುದು, ಕುರ್ಚಿ ಎಳೆಯುವುದು. ಕೂತವರ ಕೈ ಏಳಬಾರದು. 1960ರ ಫೆಬ್ರವರಿ 13ರಂದು 124 ವಿದ್ಯಾರ್ಥಿಗಳು ಬಿಳಿಯರಿಗೆ ಮಾತ್ರ ಊಟ ಕೊಡುತ್ತಿದ್ದ ಅಂಗಡಿಗಳ ಕೌಂಟರುಗಳಲ್ಲಿ ಹೋಗಿ ಕೂತರು. ಅವರ ನಿಯಮಗಳ ಚೀಟಿಯಲ್ಲಿ ನೇರವಾಗಿ ಕೂರು, ಯಾವಾಗಲೂ ಕೌಂಟರಿನ ಕಡೆಗೇ ಮುಖ ಮಾಡು, ಗಟ್ಟಿಯಾಗಿ ನಗಬೇಡ, ಬಾಗಿಲಿಗೆ ಅಡ್ಡ ನಿಲ್ಲಬೇಡ ಎಂದೆಲ್ಲ ಇತ್ತು. ಮೇ 10ರ ಹೊತ್ತಿಗೆ ಆ ಕೌಂಟರುಗಳು ಎಲ್ಲರಿಗೂ ತೆರೆದವು. ಇದನ್ನು ಹೇಳಿ, ಆದರೆ ಆ ತರಬೇತಿಯನ್ನು ತರಗತಿಯಲ್ಲಿ ನಕಲು ಮಾಡಿಸಬೇಡಿ. ಅವರು ತಾವಾಗಿ ಬಂದ ಕಾಲೇಜು ಯುವಕ ಯುವತಿಯರು, ತಿಂಗಳುಗಟ್ಟಲೆ ಮಾತಾಡಿಕೊಂಡು ಒಪ್ಪಿದವರು. ಹದಿಮೂರರ ಮಗುವನ್ನು ಬೆಲ್ ಹೊಡೆಯುವುದರೊಳಗೆ ಬೈಸಿಕೊಳ್ಳಲು ಕೂರಿಸುವುದು ಅದಲ್ಲ.

ಐದನೇ ಪೀರಿಯಡ್ ಶಿಕ್ಷಣಕ್ಕೆ. ಬಾರ್ಬರಾ ಜಾನ್ಸ್ ಕಥೆ ಚಿಕ್ಕದಾಗಿ ಹೇಳಿದರೂ ಸಾಕು, ಮಕ್ಕಳು ಮರೆಯುವುದಿಲ್ಲ. ವರ್ಜೀನಿಯಾದ ಫಾರ್ಮ್‌ವಿಲ್ ಊರಿನಲ್ಲಿ ಕಪ್ಪು ಮಕ್ಕಳ ಮೋಟನ್ ಹೈಸ್ಕೂಲು ಕಟ್ಟಿದ್ದು 180 ಮಕ್ಕಳಿಗೆ, ಇದ್ದವರು 400ಕ್ಕೂ ಹೆಚ್ಚು. ಹೆಚ್ಚಿನವರಿಗೆ ಟಾರು ಕಾಗದ ಹೊದಿಸಿದ ಶೆಡ್ಡುಗಳು. ಮಳೆ ಬಂದರೆ ಸೋರುತ್ತಿದ್ದವು, ಚಳಿಗೆ ಒಲೆಯ ಪಕ್ಕದವರು ಬೇಯುತ್ತಿದ್ದರು, ದೂರದವರು ಕೋಟು ಬಿಚ್ಚುತ್ತಿರಲಿಲ್ಲ. 1951ರ ಏಪ್ರಿಲ್ 23ರಂದು 16 ವರ್ಷದ ಬಾರ್ಬರಾ ಇಡೀ ಶಾಲೆಯನ್ನು ಸಭಾಂಗಣದಲ್ಲಿ ಸೇರಿಸಿ ಮುಷ್ಕರಕ್ಕೆ ಕರೆದಳು. ಕೇಳಿದ್ದು ಒಳ್ಳೆಯ ಕಟ್ಟಡ. ಬಂದ ವಕೀಲರು, ಬರೀ ಕಟ್ಟಡಕ್ಕಾದರೆ ಬರುವುದಿಲ್ಲ, ಪ್ರತ್ಯೇಕ ಶಾಲೆಗಳ ಪದ್ಧತಿಯನ್ನೇ ಪ್ರಶ್ನಿಸುವುದಾದರೆ ಬರುತ್ತೇವೆ ಎಂದರು. ಮಕ್ಕಳೂ ಪೋಷಕರೂ ಒಪ್ಪಿದರು. 1954ರ ಮೇ 17ರಂದು, ಪ್ರತ್ಯೇಕ ಶಾಲೆಗಳು ಸಂವಿಧಾನಬಾಹಿರ ಎಂದು ಸುಪ್ರೀಂ ಕೋರ್ಟ್ ಒಟ್ಟಿಗೆ ತೀರ್ಪಿತ್ತ ಪ್ರಕರಣಗಳಲ್ಲಿ ಇದೂ ಒಂದಾಯಿತು. ಆದರೆ ಅದರ ಬೆಲೆಯನ್ನೂ ಹೇಳಬೇಕು: ಮಕ್ಕಳನ್ನು ಒಟ್ಟಿಗೆ ಕೂರಿಸುವುದರ ಬದಲು ಆ ಊರಿರುವ ಕೌಂಟಿಯ, ಅಂದರೆ ಜಿಲ್ಲೆಯ, ಆಡಳಿತ 1959ರಿಂದ 1964ರವರೆಗೆ ಸರ್ಕಾರಿ ಶಾಲೆಗಳನ್ನೇ ಮುಚ್ಚಿಬಿಟ್ಟಿತು.

ದೊಡ್ಡವರ ಓದಿನ ವಿಷಯದಲ್ಲಿ ಸೆಪ್ಟಿಮಾ ಕ್ಲಾರ್ಕ್ ಅವರನ್ನು ನಮ್ಮಲ್ಲಿ ಕೇಳಿದವರೇ ಕಡಿಮೆ. ದಕ್ಷಿಣ ಕ್ಯಾರೊಲಿನಾದಲ್ಲಿ ಸುಮಾರು 40 ವರ್ಷ ಮೇಷ್ಟರಿಕೆ ಮಾಡಿದ್ದ ಅವರನ್ನು, ಎನ್‌ಎಎಸಿಪಿ ಸದಸ್ಯತ್ವ ಬಿಡಲಿಲ್ಲವೆಂದು 1956ರಲ್ಲಿ ಕೆಲಸದಿಂದ ತೆಗೆದರು. ರೋಸಾ ಪಾರ್ಕ್ಸ್ ಹೈಲ್ಯಾಂಡರ್‌ಗೆ ಹೋದಾಗ ಅಲ್ಲಿ ಕಲಿಸುತ್ತಿದ್ದವರೂ ಇವರೇ. ಮತದಾರರ ಪಟ್ಟಿಗೆ ಸೇರಬೇಕಾದರೆ ಸಂವಿಧಾನದ ಒಂದು ಭಾಗ ಓದಿ ತೋರಿಸಬೇಕೆಂಬ ನಿಯಮ ಅಲ್ಲಿ. ಅಕ್ಷರ ಬಾರದವರಿಗೆ ಮತವಿಲ್ಲ. ಜಾನ್ಸ್ ಐಲೆಂಡ್ ದ್ವೀಪದ ಇಸಾ ಜೆಂಕಿನ್ಸ್ ತಮ್ಮ ಬಸ್ಸಿನಲ್ಲಿ ಕೆಲಸಕ್ಕೆ ಹೋಗುವವರಿಗೆ ದಾರಿಯುದ್ದಕ್ಕೂ ಆ ಭಾಗವನ್ನು ಬಾಯಿಪಾಠ ಮಾಡಿಸುತ್ತಿದ್ದರು. ಬಾಯಿಪಾಠ ಸಾಲದು, ಓದಲು ಬರಬೇಕು ಎಂದು ಪ್ರಯಾಣಿಕರೊಬ್ಬರು ಕೇಳಿದ್ದರಿಂದ ಶಾಲೆಯ ಯೋಚನೆ ಹುಟ್ಟಿತು. 1957ರ ಜನವರಿಯಲ್ಲಿ, ಮುಂದೆ ದಿನಸಿ ಅಂಗಡಿ, ಹಿಂದೆ ಕೋಣೆ. ಬಿಳಿಯರಿಗೆ ಅನುಮಾನ ಬಾರದಿರಲೆಂದು. ಕಲಿಸಲು ಆರಿಸಿದ್ದು ಬರ್ನಿಸ್ ರಾಬಿನ್ಸನ್ ಎಂಬ ಕೇಶಾಲಂಕಾರದ ಅಂಗಡಿಯವರನ್ನು. ಬಂದವರು 14 ಜನ. ಬರ್ನಿಸ್ ಮಕ್ಕಳ ಪುಸ್ತಕ ತೆರೆಯಲಿಲ್ಲ. ನಿಮಗೆ ಏನು ಓದಲು ಬರಬೇಕು ಎಂದು ಕೇಳಿದರು. ಬೈಬಲ್, ಪತ್ರಿಕೆ, ಮನಿಯಾರ್ಡರ್ ಫಾರಂ, ತಮ್ಮ ಹೆಸರು ಎಂದರು. ಪಾಠ ಅಲ್ಲಿಂದ ಶುರುವಾಯಿತು. ನಮ್ಮ ಮಕ್ಕಳಿಗೆ ಕೇಳಬಹುದು: ನಿಮ್ಮ ಅಜ್ಜಿಗೆ ಓದಲು ಬಾರದಿದ್ದರೆ, ಅವರು ಮೊದಲು ಏನನ್ನು ಓದಬೇಕೆಂದು ಬಯಸುತ್ತಾರೆ? ಮನೆಗೆ ಹೋಗಿ ಕೇಳಿ ಬರಲಿ. ಔಷಧಿಯ ಚೀಟಿ, ಬಸ್ಸಿನ ಬೋರ್ಡು, ಪಹಣಿ, ಮೊಮ್ಮಗಳ ಹೆಸರು, ಹೀಗೆ ಬರುತ್ತವೆ ಉತ್ತರಗಳು.

ಇಲ್ಲಿಂದ ನಮ್ಮ ಊರಿಗೆ ಬರುವುದು ಸುಲಭ. 1848ರಲ್ಲಿ ಪುಣೆಯ ಭಿಡೆವಾಡೆಯಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದ ಸಾವಿತ್ರಿಬಾಯಿ, ದಾರಿಯಲ್ಲಿ ಸಗಣಿ ಎರಚುತ್ತಾರೆಂದು ಇನ್ನೊಂದು ಸೀರೆ ಜೊತೆಗೊಯ್ಯುತ್ತಿದ್ದರು ಎಂಬುದನ್ನು ಎಲ್ಲರೂ ಹೇಳುತ್ತಾರೆ. ಮಾಂಟ್‌ಗೊಮರಿಯ ಕಾರುಗಳ ವೇಳಾಪಟ್ಟಿ ಬರೆದ ಮಕ್ಕಳಿಗೆ ಈಗ ಆ ಸೀರೆ ಬರೀ ಕಣ್ಣೀರಿನ ಕಥೆಯಾಗಿ ಕಾಣುವುದಿಲ್ಲ, ಮುಂಚೆಯೇ ಯೋಚಿಸಿ ಮಾಡಿದ ಏರ್ಪಾಟಾಗಿ ಕಾಣುತ್ತದೆ. ಮಂಗಳೂರಿನ ವಕೀಲ ಕುದ್ಮುಲ್ ರಂಗರಾವ್ 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು, ಅದಕ್ಕಾಗಿ ಸ್ವಜಾತಿಯವರಿಂದ ಬಹಿಷ್ಕಾರ ಉಂಡರು. ಬಹಿಷ್ಕಾರದ ಮೊದಲ ಕಾಲಂಗೆ ಇದೇ ಉದಾಹರಣೆ. ತಮ್ಮ ಶಾಲೆಯಲ್ಲಿ ಓದಿದ ಮಗು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ತಮ್ಮ ತಲೆಗೆ ಬೀಳಲಿ ಎಂಬುದು ಅವರ ಆಸೆಯಾಗಿತ್ತು. ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ. ದಿನಾ ಅದರ ಮುಂದೆ ಹಾದುಹೋಗುವ ಮಕ್ಕಳಿಗೆ ಹೆಸರಿನ ಹಿಂದಿನ ಈ ಶಾಲೆ ಗೊತ್ತಿರುವುದಿಲ್ಲ. ಮಲಾಲಾ ಪಾಠದಲ್ಲೂ ಗುಂಡೇಟಿಗಿಂತ ಮೊದಲು 2009ರ ಜನವರಿಯಲ್ಲಿ 11 ವರ್ಷದ ಹುಡುಗಿ ಬೇರೆ ಹೆಸರಿನಲ್ಲಿ ಬಿಬಿಸಿ ಉರ್ದುಗೆ ಬರೆದ ದಿನಚರಿ ಬರಲಿ. ಗುಂಡು ಹಾರಿಸಿದ್ದು ಬೇರೆಯವರ ಕೆಲಸ, ದಿನಚರಿ ಅವಳ ಕೆಲಸ.

ಫೋಟೋ ಬಳಸುವುದಾದರೆ ಎರಡರ ವಿಷಯದಲ್ಲಿ ಎಚ್ಚರ. ಎದೆಯ ಮುಂದೆ 7053 ಎಂಬ ಸಂಖ್ಯೆ ಹಿಡಿದ ಪಾರ್ಕ್ಸ್ ಚಿತ್ರ ಬಸ್ಸಿನ ಘಟನೆಯ ದಿನದ್ದಲ್ಲ. ಬಹಿಷ್ಕಾರದ ಮುಖಂಡರನ್ನೆಲ್ಲ ಒಟ್ಟಿಗೆ ಬಂಧಿಸಿದ 1956ರ ಫೆಬ್ರವರಿಯದು. ಬಸ್ಸಿನ ಕಿಟಕಿಯಿಂದಾಚೆ ನೋಡುತ್ತ ಅವರು ಕೂತಿರುವ, ಹಿಂದೆ ಬಿಳಿಯನೊಬ್ಬ ಇರುವ ಚಿತ್ರ 1956ರ ಡಿಸೆಂಬರ್ 21ರದು, ಪತ್ರಿಕೆಗಾಗಿ ಕೂರಿಸಿ ತೆಗೆದದ್ದು. ಹಿಂದೆ ಇರುವಾತ ವರದಿಗಾರ. ಚಿತ್ರ ಮೊದಲು ತೋರಿಸಿ, ಯಾವಾಗಿನದ್ದಿರಬಹುದು ಎಂದು ಊಹಿಸಲು ಬಿಟ್ಟು, ಆಮೇಲೆ ದಿನಾಂಕ ಹೇಳಿ.

ಪರೀಕ್ಷೆಯ ಪ್ರಶ್ನೆಯನ್ನೂ ಬದಲಿಸಬೇಕು. ‘ರೋಸಾ ಪಾರ್ಕ್ಸ್ ಯಾರು’ ಎಂದು ಕೇಳಿದರೆ ಮಕ್ಕಳು ಮತ್ತೆ ಆ ನಾಲ್ಕು ಸಾಲಿಗೇ ಹೋಗುತ್ತಾರೆ. ‘ಡಿಸೆಂಬರ್ 2ರಿಂದ 5ರವರೆಗೆ ಮೂರು ದಿನಗಳಲ್ಲಿ ಯಾರು ಯಾರು ಏನೇನು ಮಾಡಿದರು’ ಎಂದು ಕೇಳಿ.

ಮನೆಗೆಲಸದ ಬದಲು ಶಾಲೆಯಲ್ಲೇ ಮಾಡಿಸಬಹುದಾದ ಒಂದು ಕೆಲಸವಿದೆ. ಹಳೆಯ ಸರ್ಕಾರಿ ಶಾಲೆಗಳಲ್ಲಿ ದಾಖಲಾತಿ ರಿಜಿಸ್ಟರ್ ಇರುತ್ತದೆ, ಶಾಲೆ ಶುರುವಾದ ದಿನದಿಂದ. ಅದರಲ್ಲಿ ಜಾತಿಯ ಕಾಲಂ ಇರುವುದರಿಂದ ಮಕ್ಕಳ ಕೈಗೆ ನೇರವಾಗಿ ಕೊಡಬೇಡಿ. ಮುಖ್ಯೋಪಾಧ್ಯಾಯರ ಒಪ್ಪಿಗೆ ಪಡೆದು, ಶಿಕ್ಷಕರೇ ವರ್ಷವಾರು ಎಷ್ಟು ಹೆಣ್ಣುಮಕ್ಕಳು, ಎಷ್ಟು ಗಂಡುಮಕ್ಕಳು ಸೇರಿದರೆಂದು ಎಣಿಸಿ, ಹೆಸರಿಲ್ಲದೆ ಅಂಕಿಗಳನ್ನಷ್ಟೇ ಹಲಗೆಯ ಮೇಲೆ ಬರೆಯಲಿ. ಮಕ್ಕಳು ನಕ್ಷೆ ಎಳೆಯಲಿ. ಎಷ್ಟೋ ವರ್ಷ ಸೊನ್ನೆಯಲ್ಲೇ ಇರುವ ಗೆರೆ ಒಂದು ಕಡೆ ಮೇಲೇಳುತ್ತದೆ. ಆ ವರ್ಷವನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಊರಿನ ಹಿರಿಯರನ್ನು ಕೇಳಲಿ: ಆಗ ಶಾಲೆಗೆ ಬಂದ ಮೇಷ್ಟ್ರು ಯಾರು, ಮನೆಮನೆಗೆ ಹೋಗಿ ಹೆಣ್ಣುಮಕ್ಕಳನ್ನು ಕಳಿಸಿ ಎಂದವರು ಯಾರು, ಮೊದಲು ಕಳಿಸಿದ ತಾಯಿ ಯಾರು.